ಆರು ಪರ್ಸೆಂಟ್ ಗಾಳಿ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮಜ್ಜಿ ಊರಿನ ಯಾರ್ಯಾರ ಮೇಲೋ ಪ್ರಯೋಗಿಸುತ್ತಿದ್ದಳು. ಅದು ಕೆನಡಾ ದೇಶದ ಉದ್ಯೋಗನೀತಿಯೂ ಹೌದು ಎಂಬುದು ಅವಳಿಗೆ ಗೊತ್ತಿರಲಿಲ್ಲ. 2019ರ ಜನವರಿಯಲ್ಲಿ ಹೆಂಡತಿ, ಮಗಳು, ಆರು ಸೂಟ್‌ಕೇಸು ಮತ್ತು ಒಂದು ಇಡ್ಲಿ ಸ್ಟ್ಯಾಂಡಿನ ಸಮೇತ ಟೊರೊಂಟೊದಲ್ಲಿ ಇಳಿಯುವ ತನಕ ನನಗೂ ಗೊತ್ತಿರಲಿಲ್ಲ. ಇಲ್ಲಿ ಕೆಲಸ ಸಿಗಬೇಕಾದರೆ ‘ಕೆನಡಿಯನ್ ಎಕ್ಸ್‌ಪೀರಿಯನ್ಸ್’ ಇರಬೇಕು. ಅದು ಇರಬೇಕಾದರೆ ಕೆಲಸ ಸಿಕ್ಕಿರಬೇಕು.

ಹಾಗಂತ ನಾನೇನು ಬರಿಗೈಯಲ್ಲಿ ಬಂದವನಲ್ಲ. ಹದಿನಾಲ್ಕು ವರ್ಷ ಸಿವಿಲ್ ಕೆಲಸದ ಧೂಳು ಕುಡಿದಿದ್ದೆ. ಹೇಮಾವತಿ ನಾಲೆಯ ದಂಡೆಯಿಂದ ಹಿಡಿದು ಬೆಂಗಳೂರಿನ ಫ್ಲೈಓವರ್ ಕಂಬದವರೆಗೆ ಕಾಂಕ್ರೀಟು ಹಾಕಿಸಿದ್ದೆ. ಆದರೆ ಈ ದೇಶದೊಳಕ್ಕೆ ಬಿಡುವ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಬಾಗಿಲಲ್ಲಿ ಒಂದು ಅಂಕಪಟ್ಟಿ ಇದೆ, ಒಟ್ಟು 1200ಕ್ಕೆ. ಅದರಲ್ಲಿ ಹೊರದೇಶದ ಅನುಭವ 3 ವರ್ಷ ದಾಟಿದರೆ ಆಮೇಲಿನದಕ್ಕೆ ಅಂಕವಿಲ್ಲ. ವಯಸ್ಸು 29 ದಾಟಿದರೆ ಹುಟ್ಟುಹಬ್ಬಕ್ಕೊಮ್ಮೆ ಅಂಕ ಕತ್ತರಿಸುತ್ತಾರೆ. ನನಗೆ 37. ಹೀಗೆ ನನ್ನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ಬೆಂಗಳೂರಿನಲ್ಲಿ ಅರ್ಜಿ ತುಂಬುವಾಗಲೇ ಕರಗಿದವು. ಉಳಿದ ಮೂರು ವಿಮಾನ ಇಳಿದ ಮೇಲೆ ಕರಗಿದವು.

ಇಳಿದವರು ಮೊದಲು ಮಾಡಿಸಬೇಕಾದದ್ದು ಒಂಬತ್ತು ಅಂಕಿಯ ಒಂದು ಸಂಖ್ಯೆ. ಅದಿಲ್ಲದೆ ಕೆಲಸ ಮಾಡುವಂತಿಲ್ಲ. ಅದರ ಹೆಸರು ‘ಸಿನ್’. ಕೌಂಟರಿನ ಹುಡುಗಿ ನಗುನಗುತ್ತಾ, “ಇದನ್ನು ಯಾರಿಗೂ ತೋರಿಸಬೇಡಿ, ಜೋಪಾನ” ಎಂದಳು. ಪಾಪವನ್ನು ಬಚ್ಚಿಡಬೇಕೆಂದು ಸರ್ಕಾರವೇ ಹೇಳುವುದನ್ನು ಅವತ್ತೇ ಕೇಳಿದ್ದು.

ಎರಡನೆಯ ಪೆಟ್ಟು ಹೆಸರಿಗೆ ಬಿತ್ತು. ನಮ್ಮ ಕಡೆ ಬಿ.ಇ.ಗೆ ಸೀಟು ಸಿಕ್ಕಿದ ಸಂಜೆಯಿಂದಲೇ ಹುಡುಗ ‘ಇಂಜಿನಿಯರ್ರು’. ಪಾಸಾಗುವುದು ಬಿಡುವುದು ಆಮೇಲಿನ ಮಾತು. ಊರಿನ ಹೋಟೆಲಿನಲ್ಲಿ ನನಗೆ ಸ್ವಂತ ಹೆಸರೇ ಇರಲಿಲ್ಲ, “ಇಂಜಿನಿಯರ್ರಿಗೊಂದು ಖಾಲಿ ದೋಸೆ” ಎಂದೇ ಕೂಗುತ್ತಿದ್ದರು. ಒಂಟಾರಿಯೊದಲ್ಲಿ ಲೈಸೆನ್ಸ್ ಇಲ್ಲದವನು ತನ್ನನ್ನು ಇಂಜಿನಿಯರ್ ಎಂದು ಪರಿಚಯಿಸಿಕೊಂಡರೆ ಕಾನೂನು ಎದ್ದು ನಿಲ್ಲುತ್ತದೆ. ಆ ಲೈಸೆನ್ಸಿಗೆ ಆಗ ಒಂದು ವರ್ಷದ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಬೇಕಿತ್ತು. ನೋಡಿ, ಅಜ್ಜಿ ಮತ್ತೆ ಬಂದಳು.

ಮಿಸ್ಸಿಸಾಗಾದಲ್ಲಿ ನಾವು ಹಿಡಿದದ್ದು ನೆಲಮಾಳಿಗೆಯ ಮನೆ. ಇದ್ದೊಂದು ಕಿಟಕಿಯಲ್ಲಿ ಹಿಮ ಮತ್ತು ದಾರಿಹೋಕರ ಮೊಣಕಾಲು ಕಾಣುತ್ತಿದ್ದವು. ಅಲ್ಲಿ ಕೂತು ದಿನಕ್ಕೆ ಇಪ್ಪತ್ತು ಅರ್ಜಿ ಕಳಿಸುತ್ತಿದ್ದೆ. ಉತ್ತರವೇನೋ ಬರುತ್ತಿತ್ತು: ನಿಮ್ಮ ಅರ್ಹತೆಯಿಂದ ನಾವು ಪ್ರಭಾವಿತರಾಗಿದ್ದೇವೆ, ಆದರೆ ಬೇರೊಬ್ಬರನ್ನು ಆರಿಸಿದ್ದೇವೆ, ಮುಂದಿನ ಹುಡುಕಾಟಕ್ಕೆ ಶುಭವಾಗಲಿ. ಅರ್ಜಿ ಹಾಕಿದ ನಾಲ್ಕೇ ನಿಮಿಷಕ್ಕೆ ಪ್ರಭಾವಿತರಾದವರೂ ಇದ್ದರು. ನಮ್ಮಲ್ಲಿ ಹೆಣ್ಣು ಕೇಳಲು ಹೋದವರಿಗೆ “ಊರಿಗೆ ಹೋಗಿ ಕಾಗದ ಬರೀತೀವಿ” ಎನ್ನುತ್ತಾರಲ್ಲ, ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ಉಪ್ಪಿಟ್ಟಾದರೂ ತಿಂದಿರುತ್ತೇವೆ.

ಹೊಸಬರಿಗೆ ಉದ್ಯೋಗ ಹುಡುಕುವುದನ್ನು ಕಲಿಸುವ ಪುಕ್ಕಟೆ ತರಗತಿಯೊಂದಕ್ಕೆ ಸೇರಿದೆ. ಡೆಂಟಿಸ್ಟ್, ಬ್ಯಾಂಕ್ ಮ್ಯಾನೇಜರು, ಆರ್ಕಿಟೆಕ್ಟ್, ಇಬ್ಬರು ನರ್ಸುಗಳು, ಹೀಗೆ ನಾಲ್ಕು ಖಂಡಗಳಿಂದ ಬಂದ ಹದಿನೆಂಟು ಜನ ಶಾಲೆಯ ಪುಟಾಣಿ ಕುರ್ಚಿಗಳಲ್ಲಿ ಮೊಣಕಾಲು ಮಡಿಸಿ ಕೂತಿದ್ದೆವು. ಮೇಡಂ ನನ್ನ ಆರು ಪುಟದ ರೆಸ್ಯೂಮೆಯನ್ನು ಎತ್ತಿಕೊಂಡು ಕೆಂಪು ಪೆನ್ನು ತೆಗೆದರು. ಫೋಟೋ ಬೇಡ. ಹುಟ್ಟಿದ ತಾರೀಖು ಬೇಡ. ಮದುವೆಯಾಗಿದೆಯೋ ಇಲ್ಲವೋ ಬೇಡ. ತಂದೆಯ ಹೆಸರಿನ ಮೇಲೆ ಪೆನ್ನು ನಿಂತಿತು.

“ಇವರೂ ಕೆಲಸಕ್ಕೆ ಬರುತ್ತಾರೆಯೇ?”

ಕೊನೆಯಲ್ಲಿ, ‘ಮೇಲಿನ ಎಲ್ಲ ವಿವರಗಳೂ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಸಾಲಿತ್ತು. ಕೆಳಗೆ ಸ್ಥಳ, ದಿನಾಂಕ, ಸಹಿ. ಮೇಡಂ ಅದನ್ನು ಎರಡು ಸಲ ಓದಿದರು. “ಇದನ್ನು ಬರೆದರೆ ಉಳಿದವರು ಸುಳ್ಳು ಬರೆಯುತ್ತಾರೆ ಅನ್ನಿಸುತ್ತದೆ” ಎಂದು ಅದನ್ನೂ ಹೊಡೆದು ಹಾಕಿದರು. ಆರು ಪುಟದಲ್ಲಿ ಎರಡು ಉಳಿಯಿತು. ಅದರಲ್ಲಿದ್ದವನು ಯಾರೆಂದು ನನಗೇ ಸರಿಯಾಗಿ ಗುರುತು ಹತ್ತಲಿಲ್ಲ.

ಸಂದರ್ಶನದ ಅಭ್ಯಾಸ ಇನ್ನೂ ಕಷ್ಟ. “ನಿಮ್ಮ ಬಗ್ಗೆ ಹೇಳಿ” ಎಂದರೆ ನಾನು ಚನ್ನರಾಯಪಟ್ಟಣ ತಾಲ್ಲೂಕಿನಿಂದ ಶುರುಮಾಡುತ್ತಿದ್ದೆ. ಒಂದೂವರೆ ನಿಮಿಷದ ಗಡುವಿನಲ್ಲಿ ಹೈಸ್ಕೂಲು ತಲುಪುವ ಹೊತ್ತಿಗೆ ಮೇಡಂ ಗಡಿಯಾರ ನೋಡುತ್ತಿದ್ದರು. ಕಾಲುವೆ ಕೆಲಸದ ಬಗ್ಗೆ “ನಾವು ಕಟ್ಟಿದೆವು, ನಾವು ಮುಗಿಸಿದೆವು” ಎಂದರೆ, “ನಾವು ಅಂದರೆ ಯಾರು? ನೀವು ಏನು ಮಾಡಿದಿರಿ?” ಎಂದು ಹಿಡಿದು ನಿಲ್ಲಿಸುತ್ತಿದ್ದರು. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಎಂದು ಬೆತ್ತ ಹಿಡಿದು ಕಲಿಸಿದ ಮೇಷ್ಟರ ಶಿಷ್ಯ ನಾನು. ಇಲ್ಲಿ ಕೈ ಎಟಕದಿದ್ದರೆ ಏಣಿ ಹಾಕಿಕೊಂಡಾದರೂ ತಟ್ಟಿಕೊಳ್ಳಬೇಕು. ಕನ್ನಡಿಯ ಮುಂದೆ ನಿಂತು “ನಾನು ಮಾಡಿದೆ, ನಾನೇ ಮಾಡಿದೆ” ಎಂದು ಅಭ್ಯಾಸ ಮಾಡುತ್ತಿದ್ದರೆ, ಬಾಗಿಲಾಚೆಯಿಂದ ನನ್ನಾಕೆ, “ಏನ್ ಮಾಡಿದ್ರಿ? ಹಾಲು ಉಕ್ಕಿಸಿದ್ದು ನೀವೇನಾ?” ಎಂದು ಕೇಳಿದ್ದಳು.

ಮಾರ್ಚ್ ಹೊತ್ತಿಗೆ ತಂದ ದುಡ್ಡು ತಳ ಕಂಡಿತು. ‘ಸರ್ವೈವಲ್ ಜಾಬ್’ ಎಂಬ ಮಾತು ಇಲ್ಲಿನ ವಲಸಿಗರ ಬಾಯಲ್ಲಿ ಉಪ್ಪಿನಕಾಯಿಯಷ್ಟು ಸಲೀಸು. ಎರಡು ಪುಟದ ರೆಸ್ಯೂಮೆಯಿಂದ ಎಂ.ಟೆಕ್. ಕಿತ್ತು ಹಾಕಿ ಒಂದು ಪುಟ ಮಾಡಿದೆ. ಇಲ್ಲದ ಡಿಗ್ರಿ ಹಾಕಿಕೊಂಡವರನ್ನು ನೋಡಿದ್ದೆ, ಇದ್ದ ಡಿಗ್ರಿ ಮುಚ್ಚಿಟ್ಟು ಕೈನಡುಗಿದ್ದು ನನಗೇ ಮೊದಲಿರಬೇಕು. ಬ್ರಾಂಪ್ಟನ್ನಿನ ಒಂದು ವೇರ್‌ಹೌಸಿನಲ್ಲಿ ರಾತ್ರಿ ಪಾಳಿ, ಗಂಟೆಗೆ 14 ಡಾಲರು, ಕಾಲಿಗೆ ಕಬ್ಬಿಣದ ಮೂತಿಯ ಬೂಟು. ಬೆಲ್ಟಿನ ಮೇಲೆ ಬರುವ ಡಬ್ಬಗಳನ್ನು ಸ್ಕ್ಯಾನ್ ಮಾಡಿ ಲಾರಿಗೆ ಪೇರಿಸುವುದು. ಅಮ್ಮನಿಗೆ “ಲಾಜಿಸ್ಟಿಕ್ಸ್‌ನಲ್ಲಿದ್ದೀನಿ” ಎಂದೆ. ಅವಳು ಊರಿಗೆಲ್ಲ ಹೇಳುವಷ್ಟರಲ್ಲಿ ಆ ಪದ ಏನೇನಾಯಿತೋ, ನಮ್ಮ ಚಿಕ್ಕಪ್ಪ ಫೋನು ಮಾಡಿ ತಮ್ಮ ಜಾತಕ ನೋಡಿ ಹೇಳುತ್ತೀಯಾ ಎಂದು ಕೇಳಿದರು.

ಮೂರನೇ ರಾತ್ರಿ ನನ್ನ ಪಕ್ಕದ ಬೆಲ್ಟಿನಲ್ಲಿ ಒಂದು ದೊಡ್ಡ ಡಬ್ಬ ಧಡಾರನೆ ಬಿತ್ತು. “ಯವ್ವಾ, ಕಾಲ್ ಹೋತು!”

ಅಷ್ಟು ದೊಡ್ಡ ಶೆಡ್ಡಿನಲ್ಲಿ, ಅಷ್ಟೆಲ್ಲ ಯಂತ್ರಗಳ ಸದ್ದಿನಲ್ಲಿ, ಆ ‘ಯವ್ವಾ’ ನನಗೆ ಆಕಾಶವಾಣಿಯಂತೆ ಕೇಳಿಸಿತು. ಓಡಿದೆ. ಬೂಟಿನ ಮೂತಿಯಿಂದಾಗಿ ಕಾಲೇನೂ ಹೋಗಿರಲಿಲ್ಲ. ಅವರು ಧಾರವಾಡದ ಕಡೆಯ ಪಶುವೈದ್ಯರು, ಹನ್ನೆರಡು ವರ್ಷ ಸರ್ವಿಸ್ ಆದವರು. ಬೆಳಗಿನ ಜಾವ ಬಸ್‌ಸ್ಟಾಪಿನಲ್ಲಿ ಮೈನಸ್ ಹನ್ನೊಂದರಲ್ಲಿ ನಿಂತು ತಮ್ಮ ಅಹವಾಲು ಹೇಳಿಕೊಂಡರು.

“ಅಲ್ರೀ ಸರ, ನನಗ ಕೆನಡಾದ ಎಕ್ಸ್‌ಪೀರಿಯನ್ಸ್ ಇಲ್ಲಂತ. ಆಕಳಾ ಏನು ಡಾಕ್ಟರ್‌ನ ಪಾಸ್‌ಪೋರ್ಟ್ ಕೇಳತೈತೇನ್ರಿ? ಹೊಟ್ಟಿ ಉಬ್ಬರಾದ್ರ ಎಲ್ಲಾ ಕಡೆ ಹೊಟ್ಟಿ ಉಬ್ಬರಾನ.”

ನಮ್ಮ ಸಾಲಿನಲ್ಲಿ ಆ ರಾತ್ರಿ ಮೂವರು ಇಂಜಿನಿಯರು, ಒಬ್ಬ ದನದ ಡಾಕ್ಟರು, ಒಬ್ಬ ಹೈಸ್ಕೂಲು ಹೆಡ್‌ಮಾಸ್ಟರು ಇದ್ದೆವು. ಬೆಲ್ಟ್ ಕೆಟ್ಟು ನಿಂತಾಗ ಮಾತ್ರ ಯಾರಿಗೂ ರಿಪೇರಿ ಗೊತ್ತಿರಲಿಲ್ಲ. ಇದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು.

ಎಂಟು ತಿಂಗಳು ಹೀಗೆ ಕಳೆದ ಮೇಲೆ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ಕಟ್ಟಡಗಳ ಕಾಂಕ್ರೀಟು ಪರೀಕ್ಷೆ ಮಾಡುವವರು. ಹುದ್ದೆ ಟೆಕ್ನಿಷಿಯನ್ನಿನದು. ನಮ್ಮಲ್ಲಾಗಿದ್ದರೆ ಆ ಕೆಲಸದ ಹುಡುಗ ನನಗೆ ಟೀ ತಂದು ಕೊಡುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಿದೆ.

ಸಂದರ್ಶಕರು ಅರವತ್ತರ ಆಸುಪಾಸಿನವರು. ರೆಸ್ಯೂಮೆ ಮೇಲೆ ಬೆರಳಾಡಿಸುತ್ತಾ ನನ್ನ ನಾಲೆ, ಕಂಬ, ಸೇತುವೆಗಳನ್ನೆಲ್ಲ ಎಕ್ಸ್‌ಪ್ರೆಸ್ ಬಸ್ಸು ಸಣ್ಣ ಊರು ದಾಟುವಂತೆ ದಾಟಿಕೊಂಡು ಬಂದರು. ಬೆರಳು ನಿಂತದ್ದು ವೇರ್‌ಹೌಸಿನ ಸಾಲಿನ ಮೇಲೆ. “ಓಹ್, ನಿಮಗೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಲ್ಲ!” ಅಸಲಿಗೆ ಅದನ್ನು ಕೇಳುವುದೇ ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತ್ತು. ಆದರೆ ಕೇಳಬಾರದು ಎಂದಿತ್ತೇ ಹೊರತು ಸಿಕ್ಕರೆ ಸಂತೋಷಪಡಬಾರದು ಎಂದೇನೂ ಇರಲಿಲ್ಲ. ಹದಿನಾಲ್ಕು ವರ್ಷದ ಕಾಂಕ್ರೀಟು ಮಾಡದ್ದನ್ನು ಎಂಟು ತಿಂಗಳ ರಟ್ಟಿನ ಡಬ್ಬಗಳು ಮಾಡಿದವು.

ಆಗ ಅವರ ಕಣ್ಣು ನನ್ನ ಬಲಗೈ ಮೇಲೆ ಬಿತ್ತು. ನಡುಬೆರಳಿನಲ್ಲಿ ಕಬ್ಬಿಣದ ಉಂಗುರ. ಏಳರಾಟ ಶನಿ ನಡೀತಿದೆ ಎಂದು ಅಮ್ಮ ಕುದುರೆ ಲಾಳದಿಂದ ಮಾಡಿಸಿ, ವಿಮಾನ ನಿಲ್ದಾಣದಲ್ಲಿ ತೊಡಿಸಿದ್ದು.

“ನೀವೂ ತೊಟ್ಟಿದ್ದೀರಲ್ಲ! ಆದರೆ ಬೆರಳು ತಪ್ಪಿದೆ” ಎಂದು ತಮ್ಮ ಕೈ ಎತ್ತಿ ತೋರಿಸಿದರು. ಅವರ ಕಿರುಬೆರಳಿನಲ್ಲೂ ಲೋಹದ ಉಂಗುರ. ನನಗೆ ಒಂದು ಕ್ಷಣ ದಿಗಿಲಾಯಿತು. ಪಾಪ, ಇವರಿಗೂ ಶನಿಯೇ?

ಕೆನಡಾದಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದವರು ಒಂದು ಪ್ರತಿಜ್ಞೆ ಮಾಡಿ ಆ ಉಂಗುರ ತೊಡುತ್ತಾರೆ ಎಂದು ಅವರೇ ಹೇಳಿದರು. ಪ್ರತಿಜ್ಞೆಯ ವಿಧಿ ಬರೆದುಕೊಟ್ಟವನು ರಡ್ಯಾರ್ಡ್ ಕಿಪ್ಲಿಂಗ್, ಮೊದಲು ನಡೆದದ್ದು 1925ರಲ್ಲಿ. ಬರೆಯುವಾಗಲೆಲ್ಲ ಕಾಗದಕ್ಕೆ ತಾಗಿ ‘ಹುಷಾರು’ ಎನ್ನಲಿ ಎಂದು ಬರೆಯುವ ಕೈಯ ಕಿರುಬೆರಳಿಗೇ ಹಾಕುತ್ತಾರೆ. ಬಿದ್ದುಹೋದ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದಲೇ ಮೊದಲ ಉಂಗುರಗಳನ್ನು ಮಾಡಿದರಂತೆ ಎಂಬ ಕತೆಯೂ ಉಂಟು. ಕತೆ ನಿಜವಲ್ಲ, ಸೇತುವೆ ಬಿದ್ದದ್ದು ನಿಜ. 1907ರ ಆಗಸ್ಟ್ 29ರಂದು, ಕಟ್ಟುತ್ತಿರುವಾಗಲೇ, ಸೇಂಟ್ ಲಾರೆನ್ಸ್ ನದಿಗೆ. 75 ಕೆಲಸಗಾರರು ಸತ್ತರು. ನಡುವಿನ ಅಂತರವನ್ನು 1600 ಅಡಿಯಿಂದ 1800ಕ್ಕೆ ಹೆಚ್ಚಿಸಿದವರು ಸೇತುವೆಯ ಸ್ವಂತ ಭಾರವನ್ನು ಹೊಸದಾಗಿ ಲೆಕ್ಕ ಹಾಕಿರಲಿಲ್ಲ. ಸಲಹೆಗಾರ ಥಿಯೋಡರ್ ಕೂಪರ್ ಎಂಬಾತ ಆ ಕಾಲದ ಹೆಸರಾಂತ ಸೇತುವೆ ಇಂಜಿನಿಯರು. ಅವನ ರೆಸ್ಯೂಮೆಯಲ್ಲಿ ಅನುಭವಕ್ಕೇನೂ ಕೊರತೆಯಿರಲಿಲ್ಲ. ಇದನ್ನು ನಾನು ಮನಸ್ಸಿನಲ್ಲಿ ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಮಟ್ಟಿಗೆ ಮೇಡಂ ತರಗತಿ ಫಲ ಕೊಟ್ಟಿತ್ತು.

ನನ್ನ ಉಂಗುರದ ಹಿಂದಿನ ಶನಿಮಹಾತ್ಮೆಯನ್ನು ಸಂಕ್ಷಿಪ್ತವಾಗಿ ಹೇಳಿದೆ, ಒಂದೂವರೆ ನಿಮಿಷದಲ್ಲಿ. ಅವರು ಮೇಜು ತಟ್ಟಿ ನಕ್ಕರು. ಸೋಮವಾರದಿಂದ ಬನ್ನಿ ಎಂದರು.

ಸೋಮವಾರ ಸೈಟಿನಲ್ಲಿ ನೋಡಿದರೆ ಅದೇ 300 ಮಿಲಿಮೀಟರ್ ಎತ್ತರದ ಸ್ಲಂಪ್ ಕೋನು, ಮೂರು ಪದರ, ಪದರಕ್ಕೆ ಇಪ್ಪತ್ತೈದು ಕುಟ್ಟು. ಹಾಸನದಲ್ಲಿ ಕುಟ್ಟಿದ್ದೇ ಇಲ್ಲೂ ಕುಟ್ಟುವುದು. ನಮ್ಮಲ್ಲಿ ಕ್ಯೂಬು ಹಾಕುತ್ತೇವೆ, ಇಲ್ಲಿ ಸಿಲಿಂಡರು. ಮುರಿಯುವುದು ಎರಡು ಕಡೆಯೂ 28ನೇ ದಿನಕ್ಕೇ. ಇಷ್ಟಕ್ಕೆ ಇಷ್ಟು ಸತಾಯಿಸಿದರೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಷ್ಟರಲ್ಲಿ ನನಗೆ ಕೆಲಸ ತೋರಿಸಲು ಬಂದಿದ್ದ ಇಪ್ಪತ್ತೆರಡರ ಹುಡುಗ ಪ್ರೆಶರ್ ಕುಕ್ಕರಿನಂಥದ್ದೊಂದು ಪಾತ್ರೆ ತಂದಿಟ್ಟ. ಮುಚ್ಚಳದ ಮೇಲೆ ಮುಳ್ಳಿನ ಮೀಟರು.

“ಇದು ಗಾಳಿಗೆ” ಎಂದ.

ನನಗೆ ಅರ್ಥವಾಗಲಿಲ್ಲ. ಹದಿನಾಲ್ಕು ವರ್ಷ ಕಾಂಕ್ರೀಟಿನಿಂದ ಗಾಳಿ ಓಡಿಸುವುದೇ ನನ್ನ ಕಸುಬಾಗಿತ್ತು. ವೈಬ್ರೇಟರ್ ಸರಿಯಾಗಿ ಹಿಡಿಯದ ಹುಡುಗರನ್ನು ಅದಕ್ಕಾಗಿಯೇ ಬೈದಿದ್ದೇನೆ. ಇಲ್ಲಿ ದುಡ್ಡು ಕೊಟ್ಟು, ಔಷಧಿ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಒಳಗೆ ಕೂರಿಸುತ್ತಾರೆ, ನೂರಕ್ಕೆ 5ರಿಂದ 8ರಷ್ಟು. ನೀರು ಹೆಪ್ಪುಗಟ್ಟುವಾಗ ಹತ್ತಿರಹತ್ತಿರ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಒಳಗೆ ಜಾಗವಿಲ್ಲದಿದ್ದರೆ ಕಾಂಕ್ರೀಟು ಸೀಳುತ್ತದೆ. ಹಾಸನದಲ್ಲಿ ಯಾವ ಕಾಲುವೆಯ ನೀರು ಹೆಪ್ಪುಗಟ್ಟಬೇಕು? ಅಲ್ಲಿ ನಾವು ಕಾಂಕ್ರೀಟಿಗೆ ಒದ್ದೆ ಗೋಣಿತಾಟು ಹೊದಿಸಿ ತಂಪು ಮಾಡುತ್ತೇವೆ. ಇಲ್ಲಿ ದಪ್ಪ ಕಂಬಳಿ ಹೊದಿಸಿ, ಹೀಟರಿಟ್ಟು, ಬಾಣಂತಿಯಂತೆ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ನನ್ನಾಕೆಯೂ ಇಡ್ಲಿ ಹಿಟ್ಟನ್ನು ಓವನ್ನಿನೊಳಗಿಟ್ಟು, ದೀಪ ಹಾಕಿ, ಮೇಲೊಂದು ಟವೆಲ್ಲು ಸುತ್ತಿ ಮಲಗಿಸುತ್ತಿದ್ದಳು. ಹಿಟ್ಟಿನ ಗುಳ್ಳೆಯ ವಿಷಯದಲ್ಲಿ ಅವಳು ನನಗಿಂತ ಹತ್ತು ತಿಂಗಳು ಮೊದಲೇ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಸಂಪಾದಿಸಿದ್ದಳು.

ಅಂತೂ ನಾನು ಅಷ್ಟು ದಿನ ಹುಡುಕಿದ ವಸ್ತು ಕೊನೆಗೂ ಕೈಗೆ ಸಿಕ್ಕಿತು. ಅದು ಗಾಳಿ. ಕಲಿಯಲು ಎರಡು ದಿನ ಹಿಡಿಯಿತು, ಒಂದು ದಿನ ಮಳೆಯಿತ್ತು.

ಲೈಸೆನ್ಸಿಗೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಬೇಕೆಂಬ ನಿಯಮವನ್ನು ಒಂಟಾರಿಯೊದವರು 2023ರ ಮೇ ತಿಂಗಳಲ್ಲಿ ತೆಗೆದು ಹಾಕಿದರು. 25 ಅಥವಾ ಹೆಚ್ಚು ಜನರಿರುವ ಕಂಪನಿಗಳು ಅದನ್ನು ಕೆಲಸದ ಜಾಹೀರಾತಿನಲ್ಲಿ ಬರೆಯುವಂತೆಯೇ ಇಲ್ಲ ಎಂಬ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂತು. ಧಾರವಾಡದ ಡಾಕ್ಟರು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಈಗ ಗ್ವೆಲ್ಫ್ ಕಡೆ ಹಸುಗಳ ನಡುವೆ ಇದ್ದಾರೆ. ಸುದ್ದಿ ಓದಿ ಅವತ್ತೇ ಫೋನು ಮಾಡಿದರು. “ನಾವ್ ಎಲ್ಲಾ ಡಬ್ಬಿ ಹೊತ್ತ ಮುಗಿಸಿದ ಮ್ಯಾಲೆ ತಗದ್ರಲ್ರೀ ಸರ!”

ಆ ಮೊದಲ ಸೋಮವಾರ ರಾತ್ರಿ ಎಂಟಕ್ಕೆ ಊರಿಗೆ ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ ಆರೂವರೆ. ಅಮ್ಮ ಕಾಫಿ ಸೋಸುತ್ತಿದ್ದಳು.

“ಏನ್ ಕೆಲ್ಸನಪ್ಪ ಈಗ?”

“ಕಾಂಕ್ರೀಟಲ್ಲಿ ಗಾಳಿ ಎಷ್ಟಿದೆ ಅಂತ ಅಳೆಯೋದು.”

ಆ ಕಡೆ ಲೋಟದ ಸದ್ದು ನಿಂತಿತು.

“ಗಾಳಿ ಅಳೆಯಕ್ಕೆ ಅಷ್ಟು ದೂರ ಹೋದ್ಯಾ ಮಗ?”

“ಹೂಂ ಕಣಮ್ಮ.”

“ಎಷ್ಟಿತ್ತು?”

“ಆರು ಪರ್ಸೆಂಟು.”

ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಸಾಕಾಗುತ್ತಾ?”

“ಸಾಕು” ಎಂದೆ.