ಜಲಮಾರ್ಗದಾಗ ಹಳ್ಳಿಖೇಡ

(ಹಳ್ಳಿಖೇಡ (ಬಿ) ಊರಿನ ದಂಪತಿ. ಕೇರಳದ ಆಲಪ್ಪುಳದಿಂದ ದಕ್ಷಿಣಕ್ಕೆ, ಕೊಲ್ಲಂ ಬೋಟು. ಗಂಡನ ಕೈಯಲ್ಲಿ ಮೊಬೈಲು, ಹೆಂಡತಿಯ ಮಡಿಲಲ್ಲಿ ಖಡಕ್ ರೊಟ್ಟಿ.)

ಗಂಡ: ಇದು ರಾಷ್ಟ್ರೀಯ ಜಲಮಾರ್ಗ 3. 1993ರಾಗೇ ಘೋಷಣಾ ಆಗ್ಯಾದ!

ಹೆಂಡತಿ: ಘೋಷಣಾ ನಮ್ಮೂರಿಗೂ ಭಾಳ ಆಗ್ಯಾವ್ರಿ. ಇಲ್ಲಿ ನೀರೂ ಬಂದಾದಲ್ಲ!

ಗಂಡ: ಅಗೋ, ಕುಟ್ಟನಾಡು. ಗದ್ದಿ ಸಮುದ್ರಕ್ಕಿಂತ ಕೆಳಗವ. ನೀರು ಹೊರಗ ಹಾಕಿ ಭತ್ತ ಬೆಳೀತಾರ.

ಹೆಂಡತಿ: ಯವ್ವಾ, ಹೊರಗ ಹಾಕ್ತಾರಾ! ನಾವು ಬೋರ್ ಕೊರದು ಕೊರದು ಹೊಲಾನೇ ಜರಡಿ ಮಾಡೀವಿ.

(ಬೋಟಿನವ ಮಲಯಾಳಂನಲ್ಲಿ ಏನೋ ಅಂದ. ಇಬ್ಬರೂ ‘ಹೌದ್ ಹೌದ್’ ಅಂದರು, ನಮ್ಮವರು ಸಭ್ಯರು.)

ಹೆಂಡತಿ: ನೀರಡಿಕಿ ಆಗ್ಯಾದ್ರಿ.

ಗಂಡ: ಇದು ಕುಡಿಯೂ ನೀರಲ್ಲ. ಬಾಟ್ಲಿ ಕೊಳ್ಳಬೇಕು.

ಹೆಂಡತಿ: ಹಂಗಾದ್ರ ನಮ್ಮೂರೂ ಕೇರಳಾನೇ ಆಯ್ತಲ್ರಿ!

ಗಂಡ: ಇನ್ನೊಮ್ಮೆ ಹೇಳು, ರೆಕಾರ್ಡ್ ಒತ್ತಿದ್ದಿಲ್ಲ.