ಕೆಟ್ಟ ಯಂತ್ರಕ್ಕೆ ಶಿಸ್ತಿನ ಪ್ರಶಸ್ತಿ

ಸರ್ಕಾರಿ ಆಸ್ಪತ್ರೆಯ ಸ್ಟೂಲನ್ನು ಒಮ್ಮೆ ಮಗುಚಿ ನೋಡಿ. ಬಿಳಿ ಪೇಂಟಿನಲ್ಲಿ ಒಂದು ನಂಬರು, ಒಂದು ಗೀಟು, ಒಂದು ಇಸವಿ. ಉಪಕರಣಗಳ ಜಾಡು ಹಿಡಿಯುವ ತಂತ್ರಜ್ಞಾನ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಕೂಡದು. ಆ ನಂಬರಿನ ಸಾಲು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿದೆ, ರಿಜಿಸ್ಟರು ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ವರ್ಗವಾಗಿ ಹೋದ ಸ್ಟೋರ್ ಕೀಪರ್ ಹತ್ತಿರ ಇದೆ. ಸ್ಟೂಲು ಯಾರದ್ದೆಂದು ನಂಬರು ಹೇಳುತ್ತದೆ. ಎಲ್ಲಿದೆ, ಅದರ ಮೇಲೆ ಯಾರಾದರೂ ಕೂರುತ್ತಿದ್ದಾರೆಯೇ ಎಂಬುದೆಲ್ಲ ಅದರ ವ್ಯಾಪ್ತಿಗೆ ಬರುವುದಿಲ್ಲ.

ಈಗ ಸ್ಮಾರ್ಟ್ ಮದ್ದು ಬಂದಿದೆ. ಇನ್‌ಫ್ಯೂಷನ್ ಪಂಪು, ಮಾನಿಟರು, ವೀಲ್‌ಚೇರುಗಳ ಬೆನ್ನಿಗೆ ಆರ್‌ಎಫ್‌ಐಡಿ ಅಥವಾ ಬ್ಲೂಟೂತ್ ಟ್ಯಾಗ್ ಅಂಟಿಸಿದರೆ ಯಾವುದು ಯಾವ ವಾರ್ಡಿನಲ್ಲಿದೆ ಎಂಬುದು ಪರದೆಯ ಮೇಲೆ ಮೂಡುತ್ತದೆ. ಪರಿಸರಕ್ಕೂ ಒಳ್ಳೆಯದಂತೆ. ಇದು ಮಾತ್ರ ತಮಾಷೆಯಲ್ಲ. ಜಗತ್ತು ಉಗುಳುವ ಹಸಿರುಮನೆ ಅನಿಲದಲ್ಲಿ ಶೇ 4.4ರಷ್ಟು ಆರೋಗ್ಯ ಕ್ಷೇತ್ರದ ಪಾಲು ಎಂದು ಹೆಲ್ತ್ ಕೇರ್ ವಿದೌಟ್ ಹಾರ್ಮ್ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿತ್ತು. ಅದರಲ್ಲಿ ಹೆಚ್ಚಿನದು ಆಸ್ಪತ್ರೆಯ ಜನರೇಟರಿನದಲ್ಲ, ಆಸ್ಪತ್ರೆಗಾಗಿ ತಯಾರಾಗಿ ಬರುವ ಸಾಮಾನಿನದು. ಇರುವ ಪಂಪು ಕಣ್ಣಿಗೆ ಬೀಳದೆ ಇನ್ನೊಂದನ್ನು ಕೊಂಡರೆ, ಗಣಿಯಿಂದ ಗೋದಾಮಿನವರೆಗೆ ಸುಟ್ಟ ಇಂಧನವೆಲ್ಲ ದಂಡ.

ಪಂಪು ಯಾಕೆ ಕಣ್ಣಿಗೆ ಬೀಳುವುದಿಲ್ಲ? ರಾತ್ರಿ ಎರಡಕ್ಕೆ ಬೇಕೆಂದರೆ ಸಿಗುವುದಿಲ್ಲ ಎಂದು ಬಲ್ಲ ಸಿಸ್ಟರ್ ಒಂದನ್ನು ಬೆಡ್‌ಶೀಟುಗಳ ಹಿಂದೆ ಬಚ್ಚಿಟ್ಟಿರುತ್ತಾರೆ. ಪಕ್ಕದ ವಾರ್ಡಿನವರದ್ದೂ ಅದೇ ಜಾಣತನ. ಎರಡೂ ವಾರ್ಡುಗಳಿಂದ ‘ಪಂಪುಗಳ ತೀವ್ರ ಕೊರತೆ’ ಎಂದು ಇಂಡೆಂಟು ಹೋಗುತ್ತದೆ. ಅವರನ್ನು ಬೈಯಲು ನನಗೆ ಬಾಯಿ ಬಾರದು. ಆ ಕಟ್ಟಡದಲ್ಲಿ ಇಪ್ಪತ್ನಾಲ್ಕು ಗಂಟೆಯೂ ನಡೆಯುವ ಟ್ರ್ಯಾಕಿಂಗ್ ವ್ಯವಸ್ಥೆ ಅವರ ನೆನಪೊಂದೇ.

ಅಸಲು ಕಥೆ ಕಳೆದುಹೋದ ಯಂತ್ರದ್ದಲ್ಲ, ಕಣ್ಣೆದುರೇ ಇರುವುದರದ್ದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಪಕರಣ ನಿರ್ವಹಣಾ ಕಾರ್ಯಕ್ರಮಕ್ಕಾಗಿ ಸರ್ಕಾರವೇ ತಲೆ ಎಣಿಸಿತು: 29,115 ಆರೋಗ್ಯ ಸಂಸ್ಥೆಗಳು, 7,56,750 ಉಪಕರಣಗಳು, ಬೆಲೆ ಸುಮಾರು 4,564 ಕೋಟಿ ರೂಪಾಯಿ. ಅವುಗಳಲ್ಲಿ ಶೇ 13ರಿಂದ 34ರಷ್ಟು, ಒಂದೊಂದು ರಾಜ್ಯದಲ್ಲಿ ಒಂದೊಂದು ಪ್ರಮಾಣದಲ್ಲಿ, ಕೆಟ್ಟು ಕೂತಿದ್ದವು. ಇಂಥವಕ್ಕೆ ಟ್ಯಾಗ್ ಅಂಟಿಸಿ ನೋಡಿ, ಅವುಗಳಷ್ಟು ಶಿಸ್ತಿನ ಸಿಬ್ಬಂದಿ ಇಡೀ ಇಲಾಖೆಯಲ್ಲಿ ಸಿಗಲಾರರು. ಜಾಗ ಬಿಟ್ಟು ಕದಲುವುದಿಲ್ಲ, ರಜೆ ಕೇಳುವುದಿಲ್ಲ, ಪರದೆಯಲ್ಲಿ ಚುಕ್ಕಿ ಸದಾ ಹಸಿರು. ಎಲ್ಲಿದೆ ಎಂಬುದನ್ನಷ್ಟೇ ಹೇಳುವ ಟ್ಯಾಗು ಆ ಬಿಳಿ ಪೇಂಟಿನ ಸ್ವಲ್ಪ ದುಬಾರಿ ತಮ್ಮ. ಎಷ್ಟು ಗಂಟೆ ಓಡಿತು, ಕೊನೆಯ ಸರ್ವೀಸು ಯಾವಾಗ ಆಯಿತು ಎಂಬುದನ್ನೂ ಅದು ಬಾಯಿಬಿಡಬೇಕು. ಬಾಯಿಬಿಟ್ಟರೆ ಎಷ್ಟೋ ಜನರಿಗೆ ಬಿ.ಪಿ. ಏರುತ್ತದೆ, ಆಗ ನೋಡಲು ಬಿ.ಪಿ. ಯಂತ್ರ ಸರಿಯಿರಬೇಕಲ್ಲ!

2021ರ ಮೇ ತಿಂಗಳು ನೆನಪಿದೆಯೇ? ಉಸಿರಿಗಾಗಿ ಜನ ಬೀದಿಯಲ್ಲಿ ನಿಂತಿದ್ದಾಗ, ಕೇಂದ್ರ ಕಳಿಸಿದ ವೆಂಟಿಲೇಟರುಗಳು ಕೆಲವು ರಾಜ್ಯಗಳಲ್ಲಿ ಸುಮ್ಮನೆ ಬಿದ್ದಿವೆ ಎಂಬ ವರದಿಗಳು ಬಂದವು. ಅವನ್ನು ಜೋಡಿಸಿದ್ದಾರೆಯೇ, ನಡೆಸುತ್ತಿದ್ದಾರೆಯೇ ಎಂದು ಕೂಡಲೇ ತಪಾಸಣೆ ಮಾಡಿ ಎಂದು ಆದೇಶಿಸಿದವರು ಪ್ರಧಾನಿ. ಪ್ಲಗ್ ಚುಚ್ಚಿದ್ದಾರೋ ಇಲ್ಲವೋ ಕೇಳಲು ಪ್ರಧಾನಿಯೇ ಬೇಕಾದ ಮೇಲೆ, ಬಡ ಟ್ಯಾಗಿನ ಮಾತಿಗೆ ಕಿವಿಗೊಡುವವರು ಯಾರು?

ಹೊಸ ಯಂತ್ರಕ್ಕೆ ಟೆಂಡರಿದೆ, ಟೇಪು ಕತ್ತರಿಸುವ ಸಮಾರಂಭವಿದೆ, ಗೋಡೆಯ ಮೇಲೆ ಹೆಸರು ಕೆತ್ತಿದ ಕಲ್ಲಿದೆ. ಫ್ಯೂಸು ಬದಲಾಯಿಸಿಕೊಂಡು ಎದ್ದು ಕೂತ ಹಳೆಯ ಎಕ್ಸ್‌ರೇಯ ಎದುರು ಯಾವ ಶಾಸಕರು ದೀಪ ಬೆಳಗಿಸಿದ್ದಾರೆ? ಹಾಗಾಗಿ ಹಸಿರು ಆಸ್ಪತ್ರೆ ಎಂದರೆ ಜೂನ್ 5ರ ಸಸಿ. ಸಸಿಯ ಪಕ್ಕ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ, ಫ್ಯೂಸಿನ ಪಕ್ಕ ಬರುವುದಿಲ್ಲ.

ನಮ್ಮಲ್ಲಿ ಯಂತ್ರಕ್ಕೆ ಸಾಯುವುದೂ ಸುಲಭವಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳಿಗೂ ಅನ್ವಯವಾಗುತ್ತವೆ. ನೋಂದಾಯಿತ ಮರುಬಳಕೆ ಘಟಕಕ್ಕೆ ಕಳಿಸಿದರೆ ಒಳಗಿನ ತಾಮ್ರವಾದರೂ ಮತ್ತೆ ಕೆಲಸಕ್ಕೆ ಬಂದೀತು. ಆದರೆ ಮೊದಲು, ಯಂತ್ರ ಇನ್ನು ಬಳಕೆಗೆ ಬಾರದು ಎಂದು ಷರಾ ಬರೆಯುವ ಕಂಡೆಮ್ನೇಶನ್ ಸಮಿತಿ ಕೂರಬೇಕು. ಅಧ್ಯಕ್ಷರು ಬಂದ ದಿನ ಸದಸ್ಯರಿಲ್ಲ, ಸದಸ್ಯರು ಬಂದ ದಿನ ಕೋರಂ ಇಲ್ಲ. ಅಲ್ಲಿಯವರೆಗೆ ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತಿರುವ ಆಟೋಕ್ಲೇವು ಕಾಗದದಲ್ಲಿ ಚಾಲ್ತಿಯಲ್ಲೇ ಇರುತ್ತದೆ.

ಟ್ಯಾಗುಗಳ ಪೆಟ್ಟಿಗೆ ಬಂದ ದಿನ ಮೊದಲನೆಯದನ್ನು ಪಂಪಿಗೆ ಅಂಟಿಸಬೇಡಿ ಸ್ವಾಮಿ. ಅದು ಎಲ್ಲಿದೆಯೆಂದು ಸಿಸ್ಟರ್‌ಗೆ ಗೊತ್ತು. ರಿಪೇರಿ ಕಡತಕ್ಕೆ ಅಂಟಿಸಿ. ಅದು ಯಾವ ಮೇಜಿನ ಮೇಲೆ ಎಷ್ಟು ತಿಂಗಳಿಂದ ಮಲಗಿದೆ ಎಂಬುದನ್ನು ಹೊರರೋಗಿ ವಿಭಾಗದ ಟಿ.ವಿ.ಯಲ್ಲಿ, ಟೋಕನ್ ನಂಬರಿನ ಪಕ್ಕದಲ್ಲೇ ತೋರಿಸಿ.