ಏಳು ಗ್ರಾಂ ಗುಂಡು, ಹನ್ನೊಂದು ಕಿಲೋ ಕೋವಿ

ಅಮೆರಿಕದಲ್ಲಿ 2012ರಲ್ಲಿ ‘ಪ್ರಿಸಿಷನ್ ರೈಫಲ್ ಸೀರೀಸ್’ ಎಂಬ ಸರಣಿ ಸ್ಪರ್ಧೆ ಶುರುವಾದಾಗ ಅದರ ಹಿಂದಿದ್ದ ಹುಮ್ಮಸ್ಸು ಮೆಚ್ಚುವಂಥದ್ದು. ಬೆಂಚಿನ ಮೇಲೆ ಕೋವಿ ಮಲಗಿಸಿ ಕಾಗದಕ್ಕೆ ತೂತು ಕೊರೆಯುವುದು ಸಾಕು. ಬೇಟೆಗಾರನೋ ಸಿಪಾಯಿಯೋ ಕಾಡುಗುಡ್ಡದಲ್ಲಿ ಹೇಗೆ ಹೊಡೆಯುತ್ತಾನೋ ಹಾಗೆ ಹೊಡೆಯೋಣ. ಬೇಲಿ ಕಂಬ, ಹಳೇ ಟೈರು, ಇಳಿಜಾರು ಸೂರು, ಸಿಕ್ಕಿದ್ದರ ಮೇಲೆ ಕೋವಿ ಆನಿಸಿ, ಒಂದೂವರೆ ಎರಡು ನಿಮಿಷದೊಳಗೆ ನೂರಾರು ಗಜ ದೂರದ ಉಕ್ಕಿನ ತಟ್ಟೆಗಳನ್ನು ಠಣ್ ಅನ್ನಿಸಬೇಕು.

ಆ ಗುಡ್ಡ ಹತ್ತುವ ಕೋವಿಯನ್ನು ಈಗ ಒಮ್ಮೆ ತಕ್ಕಡಿಗೆ ಹಾಕಿ ನೋಡಿ. ಆಗ ಆರೇಳು ಕಿಲೋ ಇದ್ದದ್ದು ಈಗ ಹತ್ತು ದಾಟಿ ಹನ್ನೊಂದರತ್ತ ನಡೆದಿದೆ. ನಳಿಗೆ ದಪ್ಪವಾಯಿತು. ಹಳೆಯ ಹಿಡಿ ಹೋಗಿ ಅಲ್ಯೂಮಿನಿಯಂ ಚಾಸಿ ಬಂತು. ಅದೂ ಹಗುರವಾಯಿತೆಂದು ಉಕ್ಕು, ಹಿತ್ತಾಳೆ, ಟಂಗ್‌ಸ್ಟನ್ ಬಿಲ್ಲೆಗಳನ್ನು ಸ್ಕ್ರೂ ಹಾಕಿ ಬಿಗಿದದ್ದಾಯಿತು. ಇದನ್ನು ಹೆಗಲಿಗೇರಿಸಿ ಯಾವ ಬೇಟೆಗಾರನೂ ಎರಡು ದಿಣ್ಣೆ ಹತ್ತಲಾರ. ಆದ್ದರಿಂದ ಕೆಲವರು ಕೂಸು ಕೂರಿಸುವ ತಳ್ಳುಗಾಡಿಯನ್ನೇ ಮಾರ್ಪಡಿಸಿ, ಕೋವಿಯನ್ನು ಅದರಲ್ಲಿ ಒರಗಿಸಿ, ಮೈದಾನದುದ್ದಕ್ಕೂ ತಳ್ಳಿಕೊಂಡು ಬರುತ್ತಾರೆ. ಬಿಸಿಲು ತಾಗದಂತೆ ಮೇಲೊಂದು ಹೊದಿಕೆ ಬೇರೆ. ಹೆತ್ತ ಮಗು ಹಿಂದೆ ನಡೆದುಕೊಂಡು ಬರಬಹುದು.

ತೋಟಾದ ಕತೆ ಇನ್ನೂ ಸ್ವಾರಸ್ಯ. ಒಂದು ಕಾಲಕ್ಕೆ .308 (ಗುಂಡಿನ ಅಡ್ಡಳತೆ, ಅಂಗುಲದಲ್ಲಿ) ಇದ್ದವನೇ ಶೂರ. 2007ರಲ್ಲಿ ಹಾರ್ನಡಿ ಕಂಪನಿ 6.5 ಕ್ರೀಡ್‌ಮೂರ್ ತಂದಿತು. ಅದು ಹಬ್ಬುತ್ತ ಹೋದಂತೆ .308 ಹಿಡಿದು ಬಂದವನಿಗೆ ‘ಬನ್ನಿ ಹಿರಿಯರೇ’ ಎಂಬ ಮರ್ಯಾದೆ ಸಿಗತೊಡಗಿತು. ಆಮೇಲೆ 6 ಮಿ.ಮೀ. ಯುಗ. ಗುಂಡನ್ನು ಸೆಕೆಂಡಿಗೆ 3,000 ಅಡಿ ದಾಟಿಸದವನು ಲೆಕ್ಕಕ್ಕೇ ಇಲ್ಲ. ಅಷ್ಟು ಮದ್ದಿನ ಉರಿಗೆ ನಳಿಗೆಯ ಗಂಟಲೇ ಸುಟ್ಟು, ಒಂದೂವರೆ ಸಾವಿರ ಗುಂಡು ಹಾರಿಸುವಷ್ಟರಲ್ಲಿ ಹೊಸ ನಳಿಗೆ ಬೇಕಾಯಿತು. ಆಗ ಜ್ಞಾನೋದಯ: ನಿಧಾನವೇ ಪ್ರಧಾನ! ಡ್ಯಾಷರ್, ಜಿಟಿ ಎಂಬ ಗಿಡ್ಡ ತೋಟಾಗಳು ಮೆರೆದವು, ವೇಗ 2,800ರ ಆಸುಪಾಸಿಗೆ ಇಳಿಯಿತು. ಈಚೆಗೆ, 6ರ ಗುಂಡು ತಟ್ಟೆಗೆ ಬಿದ್ದರೂ ಗೊತ್ತಾಗುವುದಿಲ್ಲ, 6.5 ಒದೆಯುತ್ತದೆ ಎಂದು ಎರಡರ ನಡುವಿನ .25 ಅಂಗುಲಕ್ಕೆ ಜೀವ ಬಂದಿದೆ. .308 ಬಿಟ್ಟ ಮೇಲಿನ ಈ ಸಮಸ್ತ ಕ್ರಾಂತಿ ನಡೆದಿರುವುದು ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್ ಜಾಗದಲ್ಲಿ. ಇಷ್ಟು ಕಮ್ಮಿ ಬದುವಿಗೆ ನಮ್ಮ ಅಣ್ಣತಮ್ಮಂದಿರು ಕೂಡ ಕೋರ್ಟು ಹತ್ತಿಲ್ಲ.

ಇಷ್ಟೆಲ್ಲ ಯಾಕೆ? ಕೋವಿ ಒದ್ದರೆ ಸ್ಕೋಪು ಅಲ್ಲಾಡುತ್ತದೆ. ಅಲ್ಲಾಡಿದರೆ ಗುಂಡು ಎಲ್ಲಿ ಮಣ್ಣೆಬ್ಬಿಸಿತೆಂದು ಕಾಣುವುದಿಲ್ಲ. ಕಾಣದಿದ್ದರೆ ಮುಂದಿನ ಗುಂಡನ್ನು ತಿದ್ದಲಾಗದು. ವಾದದಲ್ಲಿ ಹುಳುಕಿಲ್ಲ. ತೂಕ ಏರಿದ್ದು, ವೇಗ ಇಳಿದದ್ದು, ನಳಿಗೆಯ ಬಾಯಿಗೆ ಬ್ರೇಕು ಸಿಕ್ಕಿಸಿ ಪಕ್ಕದವನ ಕಿವಿಗೆ ಗಾಳಿ ಹೊಡೆದದ್ದು, ಎಲ್ಲದರ ಗುರಿ ಒಂದೇ. ಅಂದರೆ ಏಳು ಗ್ರಾಂ ಗುಂಡು ಹಾರಿಸಲು ಹನ್ನೊಂದು ಕಿಲೋ ಸಾಮಾನು ಹೇರಿಕೊಂಡಿರುವುದು ಮುಖ್ಯವಾಗಿ ನಾವು ತಪ್ಪಿದ್ದನ್ನು ನಾವೇ ಕಣ್ತುಂಬ ನೋಡಲಿಕ್ಕೆ.

ಮಧ್ಯೆ ಒಂದು ಚೀಲವೂ ಬಂತು. ಕಂಬಕ್ಕೂ ಕೋವಿಗೂ ನಡುವೆ ಇಡುವ, ಅಂಗೈ ಎರಡು ಸೇರಿಸಿದಷ್ಟು ದೊಡ್ಡ ಕ್ಯಾನ್ವಾಸ್ ಚೀಲ. ಹೆಸರು ‘ಗೇಮ್ ಚೇಂಜರ್’, ಬೆಲೆ ನೂರು ಡಾಲರಿಗೂ ಮೇಲೆ. ನಿಜಕ್ಕೂ ಉಪಯೋಗಕ್ಕೆ ಬರುವ ವಸ್ತು. ಕೋವಿ ಅದರ ಮೇಲೆ ಕೂತರೆ ಮಿಸುಕುವುದಿಲ್ಲ. ತೂಕದ ಚೀಲ ಬೇಕೆಂದವರಿಗೆ ಒಳಗೆ ತುಂಬಿ ಕೊಡುವುದು ಮರಳು. ನಮ್ಮ ಹೊಳೆದಂಡೆಯ ದಂಧೆಯವರಿಗೆ ಈ ದರ ತಿಳಿಯದಿರಲಿ.

ಆದರೆ ಕೋವಿ ಮಿಸುಕದಿದ್ದರೂ ಗುಂಡನ್ನು ತಟ್ಟೆಯಿಂದ ಪಕ್ಕಕ್ಕೆ ತಳ್ಳುವುದು ಗಾಳಿ. ಜೇಬಿನಲ್ಲಿಡುವ ಗಾಳಿಮಾಪಕ ಹೇಳುವುದು ನೀವು ನಿಂತಲ್ಲಿನ ಗಾಳಿಯ ಸುದ್ದಿ ಮಾತ್ರ. ಆರುನೂರು ಗಜದಾಚೆ ಹುಲ್ಲು ಎತ್ತ ಬಾಗಿದೆ, ಕಣಿವೆಯ ಮೇಲೆ ಬಿಸಿಲ ಝಳ ಎತ್ತ ಹರಿಯುತ್ತಿದೆ ಎಂಬುದನ್ನು ಕಣ್ಣೇ ಓದಬೇಕು. ಗೆಲ್ಲುವವರು ಹೆಚ್ಚಾಗಿ ಓದಬಲ್ಲವರು. ಅವರು ಯಾವ ಸ್ಕೋಪು, ಯಾವ ನಳಿಗೆ, ಯಾವ ತೋಟಾ ಬಳಸಿದರೆಂಬ ಪಟ್ಟಿ ಬಂದೊಡನೆ ಉಳಿದವರು ಅಂಗಡಿಗೆ ಓಡುತ್ತಾರೆ. ಖಾಲಿ ಕೋವಿ ಹಿಡಿದು ಮನೆಯಲ್ಲಿ ಕುದುರೆ ಎಳೆಯುತ್ತ ಕಳೆದ ಸಂಜೆಗಳಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಇದ್ದಿದ್ದರೂ ಅದನ್ನು ಕೊಳ್ಳುವುದು ಎಲ್ಲಿ?

ಖರ್ಚಿಗೆ ಕಡಿವಾಣ ಹಾಕೋಣವೆಂದು ಬೆಲೆಮಿತಿಯ ‘ಪ್ರೊಡಕ್ಷನ್’ ವಿಭಾಗ ಮಾಡಿದರು. ಕಂಪನಿಗಳು ಆ ಮಿತಿಯನ್ನು ಭಕ್ತಿಯಿಂದ ಓದಿಕೊಂಡು, ಅದಕ್ಕೆಂದೇ ಹೇಳಿ ಮಾಡಿಸಿದ ಹೊಸ ಕೋವಿಗಳನ್ನು ಮಾರುಕಟ್ಟೆಗೆ ಇಳಿಸಿದವು.

ಗೆಲ್ಲುವುದು ಕೋವಿಯೋ ಹೊಡೆಯುವವನೋ ಎಂಬ ಈ ಜಗಳ ಹೊಸದೇನಲ್ಲ. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ತಂಡ ಬಾಯಿಂದ ಮದ್ದು ತುಂಬುವ ಕೋವಿಗಳನ್ನು ತಂದಿತ್ತು, ಅಮೆರಿಕದವರು ಹಿಂದಿನಿಂದ ತೋಟಾ ತುಂಬುವ ಹೊಸ ಮಾದರಿ ಹಿಡಿದಿದ್ದರು. ಯಾವುದು ಮೇಲೆಂದು ಜಗತ್ತು ಕಾದಿತ್ತು. 800, 900, 1,000 ಗಜಗಳ ಆಟ ಮುಗಿದಾಗ ಅಮೆರಿಕ 934, ಐರ್ಲೆಂಡ್ 931. ಹೊಸ ಕೋವಿ ಗೆದ್ದಿತು ಎಂದು ಕೇಕೆ ಬಿತ್ತು. ಐರ್ಲೆಂಡಿನ ಮಿಲ್ನರ್ ಒಂದು ಗುಂಡನ್ನು ಕರಾರುವಾಕ್ಕಾಗಿ ನಡುಮಧ್ಯಕ್ಕೇ ಹೊಡೆದಿದ್ದ, ಆದರೆ ಪಕ್ಕದ ಗುರಿಹಲಗೆಗೆ. ನಡುಮಧ್ಯಕ್ಕೆ 4 ಅಂಕ. ಅವನಿಗೆ ಸಿಕ್ಕಿದ್ದು ಸೊನ್ನೆ. ಸೋಲಿನ ಅಂತರ 3.

ಬೇರೆಯ ತಟ್ಟೆಗೆ ಹೊಡೆದು ಸೊನ್ನೆ ಪಡೆಯುವವರು ಇಂದೂ ಇದ್ದಾರೆ. ಪ್ರಗತಿಯೇ ಆಗಿಲ್ಲವೆಂದು ದೂರಬಾರದು. ಆ ಕಾಲಕ್ಕೆ ಗುಂಡು ಎಲ್ಲಿ ಬಿತ್ತೆಂದು ಗುಂಡಿಯಲ್ಲಿ ಕೂತ ಗುರುತುಗಾರ ಬಿಲ್ಲೆ ತೋರಿಸಿ ತಿಳಿಸಬೇಕಿತ್ತು. ಈಗ ಹನ್ನೊಂದು ಕಿಲೋ ಕೋವಿಯ ದಯೆಯಿಂದ, ತಪ್ಪು ತಟ್ಟೆಗೆ ಗುಂಡು ಸರಿಯಾಗಿ ಬಿದ್ದದ್ದನ್ನು ಹೊಡೆದವನೇ ಕಣ್ಣು ಮಿಟುಕಿಸದೆ ನೋಡಬಹುದು.